ಚಿಕ್ಕಮಗಳೂರಿನವರು ಕಳಿಸಿದ ಮೆಂಬರು

(ದೆಹಲಿಯ ಈಸ್ಟ್ ಕಿದ್ವಾಯಿ ನಗರ, ಕೇಂದ್ರ ಸರ್ಕಾರಿ ನೌಕರರ ಹೊಸ ಬಹುಮಹಡಿ ವಸತಿ. ಮಾತಾಡುತ್ತಿರುವ ಇಬ್ಬರೂ ಮೂಡಿಗೆರೆ ಕಡೆಯವರು. ಮಗಳು ಅಂದರೆ ಅಣ್ಣನ ಮಗಳು, ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾಳೆ. ಚಿಕ್ಕಪ್ಪ ಅದೇ ನೌಕರಿಯಿಂದ ನಿವೃತ್ತರಾಗಿ ಮಯೂರ ವಿಹಾರದಲ್ಲಿದ್ದಾರೆ. ಭಾನುವಾರದ ಊಟ ಮುಗಿದಿದೆ.)

ಮಗಳು: ಚಿಕ್ಕಪ್ಪ, ಊರಿಗೆ ಹೋದಾಗೆಲ್ಲ ಒಂದೇ ಮಾತು ಕೇಳಿ ಕೇಳಿ ಸಾಕಾಗಿದೆ. ಇಂದಿರಾ ಗಾಂಧಿಗೆ ರಾಜಕೀಯ ಪುನರ್ಜನ್ಮ ಕೊಟ್ಟ ಜಿಲ್ಲೆ ನಮ್ಮದು ಅಂತ. ಯಾರೇ ಬರಲಿ, ಕಾಫಿ ಲೋಟ ಕೈಗೆ ಕೊಡೋ ಮೊದಲು ಈ ಮಾತು ಕೊಡ್ತಾರೆ. ಆಯ್ತು, ಕೊಟ್ಟಿರಿ. ವಾಪಸು ಏನು ಬಂತು?

ಚಿಕ್ಕಪ್ಪ: ನಿಮ್ಮಪ್ಪನೂ ಓಟು ಹಾಕಿದವನೇ ಕಣಮ್ಮ. ಅವನನ್ನ ಕೇಳಬೇಕಿತ್ತು.

ಮಗಳು: ಕೇಳಿದ್ದೆ. ‘ಆವಾಗ ಹಾಗಿತ್ತು’ ಅಂತ ಅಡಿಕೆ ಅಗಿಯೋಕೆ ಶುರು ಮಾಡಿದ್ರು. ಅದಕ್ಕೇ ನಿಮ್ಮನ್ನ ಕೇಳ್ತಿರೋದು. 1978ರಲ್ಲಿ, ಆ ಉಪಚುನಾವಣೆಯ ವರ್ಷ, ನೀವು ಇಲ್ಲೇ ಕಿದ್ವಾಯಿ ನಗರದಲ್ಲಿದ್ರಲ್ಲ?

ಚಿಕ್ಕಪ್ಪ: ಇದ್ದೆ. ಆದರೆ ಈ ಲಿಫ್ಟು, ಬೇಸ್‌ಮೆಂಟು ಇದ್ಯಾವುದೂ ಇರಲಿಲ್ಲ. ಎರಡಂತಸ್ತಿನ ಕ್ವಾರ್ಟರ್ಸು, ಎದುರಿಗೆ ಹುಲ್ಲು, ಮೂಲೆಯಲ್ಲಿ ಆ ಲೋದಿ ಕಾಲದ ಗೋರಿ. ದರಿಯಾ ಖಾನನ ಗೋರಿ ಅಂತಾರಲ್ಲ, ಅದೊಂದು ಮಾತ್ರ ಈಗಲೂ ಅಲ್ಲೇ ಇದೆ, ಅದನ್ನ ಕೆಡವಿ ಕಟ್ಟೋಕೆ ಆಗಲ್ಲವಲ್ಲ! ನಮ್ಮ ಕಡೆಯವರೊಬ್ಬರಿಗೆ ಅಲಾಟ್ ಆಗಿದ್ದ ಮನೆಯಲ್ಲಿ ನನಗೆ ಒಂದು ರೂಮು. ಬೆಳಿಗ್ಗೆ ರೇಡಿಯೋದಲ್ಲಿ ಏಳೂ ಮೂವತ್ತೈದರ ಕನ್ನಡ ವಾರ್ತೆ. ಅದನ್ನ ಓದ್ತಿದ್ದಿದ್ದು ಇಲ್ಲೇ ದೆಹಲಿಯಲ್ಲಿ. ಚಿಕ್ಕಮಗಳೂರಿನ ಸುದ್ದಿ ಮೊದಲು ಇಲ್ಲಿಗೆ ಬಂದು, ಇಲ್ಲಿಂದ ಮತ್ತೆ ಚಿಕ್ಕಮಗಳೂರಿಗೆ ಹೋಗಬೇಕು. ಆ ಚುನಾವಣೆಯೂ ಹಾಗೇ ಇತ್ತು ಅನ್ನು.

ಮಗಳು: ಅಂದ್ರೆ?

ಚಿಕ್ಕಪ್ಪ: ಶುರುವಾಗಿದ್ದು ದೆಹಲಿಯಲ್ಲಿ, ನಡೆದದ್ದು ಅಲ್ಲಿ, ಮುಗಿದದ್ದು ಮತ್ತೆ ದೆಹಲಿಯಲ್ಲಿ. 1977ರ ಮಾರ್ಚ್‌ನಲ್ಲಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಇಂದಿರಾ ಗಾಂಧಿಯನ್ನ ಐವತ್ತೈದು ಸಾವಿರ ಓಟಿನಲ್ಲಿ ಸೋಲಿಸಿದರು. ಉತ್ತರ ಪ್ರದೇಶದ 85ರಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ. ದೆಹಲಿಯ ಏಳಕ್ಕೆ ಏಳೂ ಜನತಾ ಪಕ್ಷಕ್ಕೆ. ನ್ಯೂ ಡೆಲ್ಲಿಯಿಂದ ವಾಜಪೇಯಿ ಗೆದ್ದರು. ಅದೇ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಕಾಂಗ್ರೆಸ್ಸಿಗೆ ಕೊಡ್ತು! ನಮ್ಮ ಕಾಲೊನಿಯಲ್ಲಿ ನಾನು ಕನ್ನಡದವನು ಅಂತ ಹೇಳೋಕೆ ಸ್ವಲ್ಪ ದಿನ ಮುಜುಗರವಾಗ್ತಿತ್ತು. ‘ನಿಮ್ಮವರಿಗೆ ಎಮರ್ಜೆನ್ಸಿ ಗೊತ್ತಾಗಲೇ ಇಲ್ವಾ?’ ಅಂತ ಪಕ್ಕದ ಮನೆ ಶರ್ಮಾಜಿ ಕೇಳೋರು.

ಮಗಳು: ಕೇಳಬೇಕಾದ ಪ್ರಶ್ನೆಯೇ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಸ್ನೇಹಲತಾ ರೆಡ್ಡಿಯವರನ್ನ ಇಟ್ಟಿದ್ದು ಯಾರು? ಪರೋಲ್ ಮೇಲೆ ಬಿಟ್ಟ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡ್ರು. ಜಾರ್ಜ್ ಫರ್ನಾಂಡಿಸ್ ತಮ್ಮ ಲಾರೆನ್ಸ್‌ನ ಪೊಲೀಸರು ಏನು ಮಾಡಿದರು ಅನ್ನೋದು ಗೊತ್ತಿಲ್ವಾ? ವಾಜಪೇಯಿ, ಅಡ್ವಾಣಿ ಇಬ್ಬರನ್ನೂ ಹಿಡಿದಿದ್ದೇ ಬೆಂಗಳೂರಲ್ಲಿ.

ಚಿಕ್ಕಪ್ಪ: ಇದೆಲ್ಲ ನಿಜ. ಆದರೆ ಲೆಕ್ಕ ಹಾಕಿ ನೋಡು. ದೆಹಲಿಯಲ್ಲಿ ಎಮರ್ಜೆನ್ಸಿ ಅಂದರೆ ತುರ್ಕಮಾನ್ ಗೇಟಿನ ಬುಲ್ಡೋಜರು, ನಸಬಂದಿ. ಆಫೀಸಿನಲ್ಲಿ ಕೂತಿರೋ ಗುಮಾಸ್ತನ ತಲೆ ಮೇಲೂ ಆಪರೇಷನ್ನಿನ ಸರ್ಟಿಫಿಕೇಟು ತೂಗ್ತಿತ್ತು. ಮೂಡಿಗೆರೆ ಕಡೆ ಅದೇ ವರ್ಷಗಳು ಅಂದರೆ ಡಿಕ್ಲರೇಷನ್. 1974ರ ಮಾರ್ಚ್ ಒಂದರಿಂದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರೆಲ್ಲ ಫಾರಂ ಏಳು ತುಂಬಿಸಿ ಟ್ರಿಬ್ಯೂನಲ್ ಮುಂದೆ ನಿಲ್ಲೋಕೆ ಶುರು ಮಾಡಿದ್ರು. ನಮ್ಮ ಮನೆ ಗದ್ದೆಯ ಮೇಲೂ ಒಂದು ಡಿಕ್ಲರೇಷನ್ ಬಿತ್ತು, ಗೊತ್ತಾ?

ಮಗಳು: ಗೊತ್ತಿಲ್ಲ! ಮನೆಯಲ್ಲಿ ಯಾರೂ ಹೇಳಿಲ್ಲ.

ಚಿಕ್ಕಪ್ಪ: ಹೇಳಲ್ಲ. ನಿಮ್ಮಜ್ಜ ಆಗಿನ ಮುಖ್ಯಮಂತ್ರಿ ದೇವರಾಜ ಅರಸು ಹೆಸರು ಕೇಳಿದರೆ ಎಲೆಯಡಿಕೆ ಉಗಿದು ಬರೋರು. ಕೆಳಗಿನ ಗದ್ದೆ ಮಾಡ್ತಿದ್ದವನು ಹಿಂದಿನ ದಿನದವರೆಗೂ ಅಂಗಳದಲ್ಲಿ ನಿಂತು ಮಾತಾಡ್ತಿದ್ದೋನು. ಒಂದು ದಿನ ತಾಲೂಕು ಆಫೀಸಿನ ಮೆಟ್ಟಿಲ ಮೇಲೆ ಅಜ್ಜನ ಪಕ್ಕದಲ್ಲೇ ಕೂತು ತನ್ನ ಹೆಸರು ಕೂಗೋದನ್ನ ಕಾಯ್ತಿದ್ದ. ಎದ್ದು ನಿಲ್ಲಲಿಲ್ಲವಂತೆ. ಅಜ್ಜನಿಗೆ ಗದ್ದೆ ಹೋದದ್ದಕ್ಕಿಂತ ಅದೇ ಜಾಸ್ತಿ ನೋವು. ಕಾಫಿ ತೋಟಕ್ಕೆ ಸೀಲಿಂಗ್ ಇಲ್ಲದೇ ಇದ್ದದ್ದರಿಂದ ನಾವು ಉಳಕೊಂಡ್ವಿ, ಗದ್ದೆ ಹೋಯ್ತು. ಈಗ ಹೇಳು, ಮೆಟ್ಟಿಲ ಮೇಲೆ ಕೂತಿದ್ದನಲ್ಲ, ಅವನು 1978ರಲ್ಲಿ ಯಾರಿಗೆ ಓಟು ಹಾಕ್ತಾನೆ?

ಮಗಳು: ಅರಸುಗೆ ಹಾಕ್ತಾನೆ. ಇಂದಿರಾ ಗಾಂಧಿಗೆ ಯಾಕೆ?

ಚಿಕ್ಕಪ್ಪ: ಅವನಿಗೆ ಆಗ ಎರಡೂ ಒಂದೇ. ಇಂದಿರಮ್ಮ ಅಂದ್ರೆ ಅರಸು, ಅರಸು ಅಂದ್ರೆ ಇಂದಿರಮ್ಮ. ಕಾಂಗ್ರೆಸ್ಸು 1978ರ ಜನವರಿಯಲ್ಲಿ ಒಡೆದಾಗ ದೊಡ್ಡ ದೊಡ್ಡವರೆಲ್ಲ ಆ ಕಡೆ ಹೋದರು, ಅರಸು ಈಕೆಯ ಜೊತೆ ನಿಂತರು. ಫೆಬ್ರವರಿಯಲ್ಲಿ ವಿಧಾನಸಭೆ ಚುನಾವಣೆ. ಹಸು-ಕರು ಹೋಗಿ ಕೈ ಗುರುತು ಬಂದಿತ್ತು, ಜನಕ್ಕೆ ಅದನ್ನ ತೋರಿಸಿ ಕಲಿಸಬೇಕಿತ್ತು. ಆದರೂ 224ರಲ್ಲಿ 149 ಗೆದ್ದರು. ಆಮೇಲೇ ಆಕೆಗೆ ಲೋಕಸಭೆಗೆ ಹೋಗೋ ದಾರಿ ಹುಡುಕಿದ್ದು. ಚಿಕ್ಕಮಗಳೂರಿನ ಸಂಸದರು ಡಿ.ಬಿ. ಚಂದ್ರೇಗೌಡರು, ದಾರದಹಳ್ಳಿಯವರು, ನಮ್ಮ ತಾಲೂಕಿನವರೇ. 71ರಲ್ಲಿ ಗೆದ್ದು, 77ರಲ್ಲಿ ಮತ್ತೆ ಗೆದ್ದವರು. ಅವರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು. ಬೆಂಗಳೂರಿಗೆ ಹೋಗಿ ಅರಸು ಮಂತ್ರಿಮಂಡಲ ಸೇರಿದರು.

ಮಗಳು: ನೋಡಿ, ನನ್ನ ತಕರಾರು ಇರೋದೇ ಇಲ್ಲಿ. ಜನ ಚಂದ್ರೇಗೌಡರನ್ನ ಕಳಿಸಿ ಒಂದೂವರೆ ವರ್ಷ ಆಗಿತ್ತು ಅಷ್ಟೆ. ಪೂರ್ತಿ ಅವಧಿಗೆ ಅಂತ ಕಳಿಸಿದ್ದು. ಅವರು ಬಿಟ್ಟುಕೊಡೋಕೆ ಅದು ಅವರ ತೋಟನಾ? ಓಟು ಹಾಕಿದವರನ್ನ ಯಾರಾದ್ರೂ ಕೇಳಿದ್ರಾ?

ಚಿಕ್ಕಪ್ಪ: ಕೇಳಿದ್ರಲ್ಲ, ನವೆಂಬರ್ 5ನೇ ತಾರೀಕು. ಚುನಾವಣೆ ಅಂದರೆ ಕೇಳೋದೇ ತಾನೆ?

ಮಗಳು: ಮದುವೆಗೆ ದಿನ ಗೊತ್ತು ಮಾಡಿ ಆಮೇಲೆ ಹುಡುಗಿಯನ್ನ ಕೇಳಿದ ಹಾಗೆ.

ಚಿಕ್ಕಪ್ಪ: ಹುಡುಗಿ ಬೇಡ ಅನ್ನಬಹುದಿತ್ತು. ಅನ್ನೋಕೆ ಕಾರಣವೂ ಇತ್ತು. ಎದುರಿಗೆ ನಿಂತಿದ್ದೋರು ಸಣ್ಣ ಆಳಲ್ಲ. ವೀರೇಂದ್ರ ಪಾಟೀಲರು 1968ರಿಂದ 71ರವರೆಗೆ ಮುಖ್ಯಮಂತ್ರಿ ಆಗಿದ್ದೋರು. ಸಭ್ಯರು, ಒಳ್ಳೇ ಆಡಳಿತಗಾರರು ಅಂತ ಹೆಸರು. ಜನತಾ ಪಕ್ಷದ ಸರ್ಕಾರ ದೆಹಲಿಯಲ್ಲಿತ್ತು, ಕೇಂದ್ರದ ಮಂತ್ರಿಗಳು ಬಂದು ಊರೂರು ಸುತ್ತಿದರು. ಜಾರ್ಜ್ ಫರ್ನಾಂಡಿಸ್ ಅಂತೂ ಅಲ್ಲೇ ಬೀಡುಬಿಟ್ಟರು, ಅವರು ಮಂಗಳೂರಿನವರು, ಆ ಕಡೆಯ ಭಾಷೆಗಳೆಲ್ಲ ಬರ್ತಿದ್ವು. ತಮ್ಮನ ಕಥೆ ಅವರ ಮನೆಯ ಕಥೆಯೇ, ಹೇಳೋಕೆ ಬೇರೆಯವರು ಬೇಕಿರಲಿಲ್ಲ. ಇಷ್ಟಿದ್ದೂ ಆಕೆ ಎಪ್ಪತ್ತೇಳು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

ಮಗಳು: ಪಾಟೀಲರು ಚಿಂಚೋಳಿಯವರಲ್ವಾ? ಗುಲ್ಬರ್ಗ ಜಿಲ್ಲೆ.

ಚಿಕ್ಕಪ್ಪ: ಹೌದು! ಇದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ ನೋಡು. ಹೊರಗಿನವರು ಹೊರಗಿನವರು ಅಂತ ಕೂಗಿದ್ದು ಇಂದಿರಾ ಮೇಲೆ ಮಾತ್ರ. ಚಿಂಚೋಳಿಗೂ ಮೂಡಿಗೆರೆಗೂ ಇರೋ ದೂರ ಏನು ಕಮ್ಮಿಯಾ? ಊಟ ಬೇರೆ, ಮಾತಿನ ಧಾಟಿ ಬೇರೆ, ಮಳೆ ಬೇರೆ. ಮಲೆನಾಡಿನ ಜಿಗಣೆ ಇಬ್ಬರಿಗೂ ಹೊಸದೇ. ಆ ಚುನಾವಣೆಯಲ್ಲಿ ಸ್ಥಳೀಯ ಅಂತ ಹೇಳಿಕೊಳ್ಳೋಕೆ ದೊಡ್ಡ ಪಕ್ಷದವರು ಯಾರೂ ಇರಲಿಲ್ಲ.

ಮಗಳು: ಸ್ಲೋಗನ್ ಕೂಡ ಹೊರಗಿನದೇ. ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಮಗ್ಳೂರ್ ಚಿಕ್ಮಗ್ಳೂರ್.’ ಇಲ್ಲಿ ನಮ್ಮ ಆಫೀಸಿನಲ್ಲಿ ನಾನು ಊರಿನ ಹೆಸರು ಹೇಳಿದ ಕೂಡಲೇ ವಯಸ್ಸಾದ ಪ್ಯೂನ್ ಒಬ್ಬರು ಇದನ್ನ ಒಪ್ಪಿಸ್ತಾರೆ. ಕಾಫಿ ತೋಟದ ಲೈನುಮನೆಗಳಲ್ಲಿ ಇರೋ ಆಳುಗಳಿಗೆ ಹಿಂದಿ ಎಲ್ಲಿ ಬರ್ತಿತ್ತು ಚಿಕ್ಕಪ್ಪ? ಕನ್ನಡ, ತುಳು, ತಮಿಳು ಮಾತಾಡೋ ಜನ.

ಚಿಕ್ಕಪ್ಪ: ಅದು ಅಲ್ಲಿಯವರಿಗಾಗಿ ಮಾಡಿದ್ದಲ್ಲ, ಇಲ್ಲಿಯವರಿಗೆ. ಪೇಪರಿನವರು ಒಂದು ದಂಡು ಹೋಗಿತ್ತಲ್ಲ, ವಿದೇಶದವರೂ ಸೇರಿ. ಲೈನಿನಲ್ಲಿ ನಡೆದ ಪ್ರಚಾರವೇ ಬೇರೆ. ನಿಮ್ಮಪ್ಪ ಹೇಳ್ತಿದ್ದ: ಇನ್ನೇನು ಹಣ್ಣು ಕೊಯ್ಯೋ ಕಾಲ, ಅರೇಬಿಕಾ ಕೆಂಪಾಗ್ತಾ ಇದೆ, ಮಳೆ ಪೂರ್ತಿ ಬಿಟ್ಟಿಲ್ಲ. ಆಕೆ ಜೀಪಿನಿಂದ ಇಳಿದರು, ಸೀರೆ ಅಂಚು ಕೆಸರಾಗಿತ್ತು, ಹೆಂಗಸರ ಕಡೆಗೇ ನೇರ ನಡೆದರು. ಮಾತು ಒಂದೂ ಅರ್ಥವಾಗಲಿಲ್ಲ. ಅನುವಾದ ಮಾಡೋನು ಹಿಂದೆ ಉಳಿದುಬಿಟ್ಟಿದ್ದ. ತೋಟದ ಧಣಿಗಳ ಹೆಂಡತಿಯರು ಕೂಡ ಎಂದೂ ಬರದ ಜಾಗ ಅದು. ನಿಮ್ಮಪ್ಪ ಅದನ್ನ ನೋಡಿ ಬಂದು ಅಜ್ಜನಿಗೆ ಹೇಳಿದನಂತೆ, ‘ಪಾಟೀಲರು ಸೋತರು’ ಅಂತ. ಅವನು ಯಾರಿಗೆ ಹಾಕಿದ ಅಂತ ನನಗೆ ಹೇಳಿಲ್ಲ. ನಿನಗೂ ಹೇಳಿಲ್ಲ ಅಂದೆಯಲ್ಲ, ಬಿಡು.

ಮಗಳು: ಒಪ್ಪಿದೆ, ಬಂದರು, ಇಳಿದರು, ನಡೆದರು. ಆಮೇಲೆ?

ಚಿಕ್ಕಪ್ಪ: ಆಮೇಲಿಂದು ನಾನು ಇಲ್ಲಿ ನೋಡಿದ್ದು. ನವೆಂಬರ್‌ನಲ್ಲೇ ಸದನಕ್ಕೆ ಬಂದು ಪ್ರಮಾಣ ತಗೊಂಡರು. ಅಷ್ಟರಲ್ಲಿ ಹಕ್ಕುಬಾಧ್ಯತಾ ಸಮಿತಿಯ ವರದಿ ಸಿದ್ಧವಾಗಿತ್ತು. ವಿಷಯ 1975ರದು. ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತ್ತು. ಉತ್ತರಕ್ಕೆ ಮಾಹಿತಿ ಕಲೆಹಾಕ್ತಿದ್ದ ಅಧಿಕಾರಿಗಳಿಗೆ ಆಗಿನ ಪ್ರಧಾನಿ ಅಡ್ಡಿ ಮಾಡಿದರು, ಕಿರುಕುಳ ಕೊಟ್ಟರು ಅನ್ನೋ ಆರೋಪ. ಡಿಸೆಂಬರ್ 19ಕ್ಕೆ ಪ್ರಧಾನಿ ಮೊರಾರ್ಜಿ ದೇಸಾಯಿಯವರ ಗೊತ್ತುವಳಿ ಓಟಿಗೆ ಬಂತು. ಪರ 279, ವಿರೋಧ 138. ಸದಸ್ಯತ್ವ ರದ್ದು, ಅಧಿವೇಶನ ಮುಗಿಯೋವರೆಗೆ ಜೈಲು. ಚಿಕ್ಕಮಗಳೂರಿನ ಓಟಿಗೂ ಇದಕ್ಕೂ ನಡುವೆ ಒಂದೂವರೆ ತಿಂಗಳು.

ಮಗಳು: ಸ್ಪೀಕರ್ ಯಾರು ಆಗ?

ಚಿಕ್ಕಪ್ಪ: ಕೆ.ಎಸ್. ಹೆಗ್ಡೆ. ಕಾರ್ಕಳ ತಾಲೂಕಿನ ಕೌಡೂರಿನವರು. ನಮ್ಮ ಘಟ್ಟ ಇಳಿದರೆ ಅವರ ಊರು. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನ ದಾಟಿ ಎ.ಎನ್. ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದರಲ್ಲ ಇಂದಿರಾ ಸರ್ಕಾರ, ಆ ಮೂವರಲ್ಲಿ ಇವರೊಬ್ಬರು. ರಾಜೀನಾಮೆ ಕೊಟ್ಟು ಬಂದು, 77ರಲ್ಲಿ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದಲ್ಲಿ ಗೆದ್ದರು. ಕರ್ನಾಟಕದ 28ರಲ್ಲಿ ಕಾಂಗ್ರೆಸ್ಸಿಗೆ ಸಿಗದೇ ಹೋದ ಎರಡರಲ್ಲಿ ಅದೊಂದು. ಪೀಠದಲ್ಲಿ ಕೂತವರು ಕರಾವಳಿಯವರು, ಹೊರಗೆ ಹೋದವರು ಮಲೆನಾಡಿನ ಸಂಸದೆ. ಕಾಲೊನಿಯಲ್ಲಿ ಚಳಿಗಾಲದ ಬಿಸಿಲಿಗೆ ಕಡಲೆಕಾಯಿ ಸುಲೀತಾ ಎಲ್ಲರೂ ನನ್ನ ಮುಖವೇ ನೋಡೋರು, ನಾನೇ ಎಲ್ಲ ಮಾಡಿಸಿದ ಹಾಗೆ.

ಮಗಳು: ಶರ್ಮಾಜಿ ಏನಂದ್ರು?

ಚಿಕ್ಕಪ್ಪ: ಖುಷಿಪಟ್ಟರು, ಮೊದಲ ದಿನ. ಆಮೇಲೆ ತಿಹಾರ್‌ಗೆ ಕರಕೊಂಡು ಹೋದ ಫೋಟೋ ಪೇಪರಿನಲ್ಲಿ ಬಂತು. ಆಕೆ ಜೈಲಿಗೆ ಹೋದ ಮರುದಿನ ಭೋಲಾನಾಥ್ ಪಾಂಡೆ, ದೇವೇಂದ್ರ ನಾಥ್ ಪಾಂಡೆ ಅಂತ ಇಬ್ಬರು ಆಟಿಕೆ ಪಿಸ್ತೂಲು ಹಿಡಕೊಂಡು ಲಕ್ನೋದಿಂದ ದೆಹಲಿಗೆ ಬರ್ತಿದ್ದ ವಿಮಾನವನ್ನ ಅಪಹರಿಸಿ ವಾರಾಣಸಿಗೆ ಇಳಿಸಿದರು, ಇಂದಿರಾರನ್ನ ಬಿಡಿ ಅಂತ. ಅವರಿಬ್ಬರೂ 1980ರಲ್ಲಿ ಕಾಂಗ್ರೆಸ್ ಟಿಕೆಟಿನಲ್ಲಿ ಶಾಸಕರಾದರು, ಅದು ಬೇರೆ ನಾಚಿಕೆಗೇಡು. 26ಕ್ಕೆ ಆಕೆ ಹೊರಗೆ ಬಂದರು. ಅಷ್ಟೊತ್ತಿಗೆ ಶರ್ಮಾಜಿ ರಾಗ ಬದಲಾಗಿತ್ತು. ‘ಇದನ್ನ ಮಾಡಬಾರದಿತ್ತು’ ಅಂತ. ಆರೋಪ ಸುಳ್ಳು ಅಂತಲ್ಲ. ನಾನೂ ಸರ್ಕಾರಿ ನೌಕರ, ಮೇಲಿನವರಿಗೆ ಬೇಡದ ಮಾಹಿತಿ ಕೇಳಿದ್ದಕ್ಕೆ ಅಧಿಕಾರಿಯ ಮನೆ ಮೇಲೆ ದಾಳಿ ಆಗೋದು ಅಂದರೆ ಏನು ಅಂತ ನನಗೆ ಗೊತ್ತಾಗಲ್ವಾ? ಶಿಕ್ಷೆ ಕೊಡೋಕೆ ಕೋರ್ಟು ಇತ್ತು. ಆದರೆ ಮೂಡಿಗೆರೆ ಟ್ರಿಬ್ಯೂನಲ್ಲಿನ ಮೆಟ್ಟಿಲ ಮೇಲೆ ಕೂತಿದ್ದೋನು ಕಳಿಸಿದ ಮೆಂಬರನ್ನ, ಹಿಂದಿನ ಲೋಕಸಭೆಯಲ್ಲಿ ನಡೆದ ತಪ್ಪಿಗೆ, ಈ ಲೋಕಸಭೆ ಒಂದು ಮಧ್ಯಾಹ್ನ ಕೂತು ಹೊರಗೆ ಹಾಕ್ತು. ತಪ್ಪೇನಿತ್ತು ಅನ್ನೋದು ಅವನಿಗೆ ಗೊತ್ತಿದ್ದೇ ಹಾಕಿದ ಓಟು ಅದು.

ಮಗಳು: ಸಂಸತ್ತಿಗೆ ಆ ಅಧಿಕಾರ ಇದೆ ಚಿಕ್ಕಪ್ಪ. ಪ್ರಶ್ನೆ ಕೇಳೋಕೆ ದುಡ್ಡು ತಗೊಂಡ ಹನ್ನೊಂದು ಜನರನ್ನ 2005ರಲ್ಲಿ ಹೊರಹಾಕಿದರು, 2007ರಲ್ಲಿ ರಾಜಾ ರಾಮ್ ಪಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸರಿ ಅಂತು.

ಚಿಕ್ಕಪ್ಪ: ಅಧಿಕಾರ ಇದೆ. ನಾನು ಇಲ್ಲ ಅಂದೆನಾ? ಮುಂದಿನ ಲೋಕಸಭೆ ಬಂದು 1981ರ ಮೇ 7ಕ್ಕೆ ಆ ತೀರ್ಮಾನವನ್ನೇ ರದ್ದು ಮಾಡ್ತು. ಅಧಿಕಾರ ಅವರಿಗೂ ಇತ್ತು. ಒಬ್ಬರಿಗೆ ಬಹುಮತ ಇದ್ದಾಗ ಹೊರಗೆ, ಇನ್ನೊಬ್ಬರಿಗೆ ಬಹುಮತ ಬಂದಾಗ ಕಡತದಲ್ಲಿ ಒಳಗೆ. ಚಿಕ್ಕಮಗಳೂರಿನ ಎಪ್ಪತ್ತೇಳು ಸಾವಿರದ ಅಂತರ ಎರಡು ಸಲವೂ ಚರ್ಚೆಗೆ ಬರಲಿಲ್ಲ.

ಮಗಳು: ಅದು ಸರಿ, ಆದರೆ ನೀವು ಅರ್ಧಕ್ಕೇ ನಿಲ್ಲಿಸ್ತೀರಿ. ಜನತಾ ಸರ್ಕಾರ ಆ ಓಟನ್ನ ಕಸಿದುಕೊಳ್ತು ಅಂತೀರಿ. ಇಂದಿರಾ ಗಾಂಧಿ ಮಾಡಿದ್ದೇನು? ಮೊನ್ನೆ ಮಹುವಾ ಮೊಯಿತ್ರಾರನ್ನ 2023ರ ಡಿಸೆಂಬರ್‌ನಲ್ಲಿ ಉಚ್ಚಾಟಿಸಿದರಲ್ಲ, ಆಕೆ 2024ರಲ್ಲಿ ಅದೇ ಕೃಷ್ಣನಗರಕ್ಕೆ ವಾಪಸು ಹೋಗಿ ನಿಂತು ಗೆದ್ದರು. ಆ ಓಟುದಾರರಿಗೆ ಉತ್ತರ ಕೊಡೋ ಅವಕಾಶ ಸಿಕ್ತು. ಇಂದಿರಾ 1980ರ ಜನವರಿಯಲ್ಲಿ ಎಲ್ಲಿ ನಿಂತರು? ರಾಯ್‌ಬರೇಲಿ, ಮೇದಕ್. ಚಿಕ್ಕಮಗಳೂರಿಗೆ ಡಿ.ಎಂ. ಪುಟ್ಟೇಗೌಡರನ್ನ ನಿಲ್ಲಿಸಿದರು. ಪುನರ್ಜನ್ಮ ಕೊಟ್ಟ ಜಿಲ್ಲೆಯವರಿಗೆ ಮತ್ತೆ ಆಕೆಗೇ ಓಟು ಹಾಕೋ ಭಾಗ್ಯವೂ ಇಲ್ಲ!

ಚಿಕ್ಕಪ್ಪ: ಅಷ್ಟರಲ್ಲಿ ಅರಸು ಜೊತೆ ಕೆಟ್ಟಿತ್ತಮ್ಮ. 79ರಲ್ಲೇ ಬೇರೆಯಾಗಿದ್ರು.

ಮಗಳು: ಅದಕ್ಕೇನೀಗ? ಅರಸು ಜೊತೆ ಕೆಟ್ಟರೆ ಲೈನಿನ ಹೆಂಗಸರ ಜೊತೆಯೂ ಕೆಡ್ತಾ? ಹಾಗಾದ್ರೆ ಆ ಓಟು ಅರಸರ ಕೈಲಿದ್ದ ಓಟು ಅಂತಾಯ್ತಲ್ಲ. ನೀವು ಇಷ್ಟೊತ್ತು ಹೇಳಿದ್ದು, ಅದು ಮೆಟ್ಟಿಲ ಮೇಲೆ ಕೂತೋನ ಸ್ವಂತ ತೀರ್ಮಾನ ಅಂತ.

ಚಿಕ್ಕಪ್ಪ: ಹಿಡಿದೆಯಲ್ಲಪ್ಪ! ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಇಷ್ಟು ಹೇಳ್ತೀನಿ: 1980ರಲ್ಲಿ ಅರಸು ಪಕ್ಷ ಕರ್ನಾಟಕದಲ್ಲಿ ನೆಲಕಚ್ಚಿತು, ಇಂದಿರಮ್ಮನ ಪಕ್ಷ ಗೆದ್ದಿತು. ಗದ್ದೆ ಕೊಡಿಸಿದವರು ಅರಸು, ಓಟು ಬಿದ್ದಿದ್ದು ಆಕೆಗೆ. ಜನ ಇಬ್ಬರನ್ನೂ ಬೇರೆ ಬೇರೆ ತೂಗಿದರು ಅಂತಾಯ್ತು. ಸರಿಯಾಗಿ ತೂಗಿದರೋ ಇಲ್ಲವೋ, ತೂಗಿದ್ದು ಅವರೇ.

ಮಗಳು: ಆಮೇಲೆ ಅದೇ ಚಾಳಿ ಆಯ್ತು. ದೆಹಲಿಯಲ್ಲಿ ಯಾರಿಗಾದರೂ ಜಾಗ ಬೇಕಾದರೆ ಕರ್ನಾಟಕ.

ಚಿಕ್ಕಪ್ಪ: ಅದಕ್ಕೆ ಉದಾಹರಣೆ ಈ ನೆರೆಹೊರೆಯಲ್ಲೇ ಇದೆ. 1980ರಲ್ಲಿ ನ್ಯೂ ಡೆಲ್ಲಿಯಲ್ಲಿ ವಾಜಪೇಯಿ ಎದುರಿಗೆ ನಿಂತೋರು ಸಿ.ಎಂ. ಸ್ಟೀಫನ್, ಕೇರಳದವರು. 78ರಲ್ಲಿ ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದೋರು. ದೆಹಲಿಯ ಬೇರೆ ಆರೂ ಕ್ಷೇತ್ರ ಕಾಂಗ್ರೆಸ್ಸಿಗೆ ಬಂತು, ಇದೊಂದರಲ್ಲಿ ಇವರು ಐದು ಸಾವಿರದಲ್ಲಿ ಸೋತರು. ಗುಲ್ಬರ್ಗದಲ್ಲಿ ಆಗಷ್ಟೇ ಗೆದ್ದಿದ್ದ ಧರ್ಮಸಿಂಗ್ ರಾಜೀನಾಮೆ ಕೊಟ್ಟರು, ಸ್ಟೀಫನ್ ಅಲ್ಲಿಂದ ಆರಿಸಿ ಬಂದರು. ಸಂಪರ್ಕ ಖಾತೆ ಸಚಿವರಾದರು. ಈ ಕಾಲೊನಿಗೆ ಹೆಸರು ಕೊಟ್ಟ ರಫಿ ಅಹ್ಮದ್ ಕಿದ್ವಾಯಿ ಸ್ವತಂತ್ರ ಭಾರತದಲ್ಲಿ ಮೊದಲು ಇಟ್ಟುಕೊಂಡಿದ್ದು ಅದೇ ಖಾತೆ. ದೆಹಲಿಯವರು ಬೇಡ ಅಂದ ಮನುಷ್ಯ ಗುಲ್ಬರ್ಗದ ಹೆಸರಲ್ಲಿ ದೆಹಲಿಯ ಟೆಲಿಫೋನು ನೋಡಿಕೊಂಡರು.

ಮಗಳು: ವೀರೇಂದ್ರ ಪಾಟೀಲರ ಸ್ವಂತ ಜಿಲ್ಲೆ ಅದು!

ಚಿಕ್ಕಪ್ಪ: ಪಾಟೀಲರ ಕಥೆ ಇನ್ನೂ ಇದೆ ಕೇಳು. 80ರಲ್ಲಿ ಅವರು ಇಂದಿರಾ ಕಾಂಗ್ರೆಸ್ಸಿಗೇ ಸೇರಿ ಬಾಗಲಕೋಟೆಯಿಂದ ಗೆದ್ದರು, ಕೇಂದ್ರದಲ್ಲಿ ಮಂತ್ರಿಯಾದರು. 84ರಲ್ಲಿ ಗುಲ್ಬರ್ಗದಿಂದ ಗೆದ್ದರು. 89ರಲ್ಲಿ ಮತ್ತೆ ಮುಖ್ಯಮಂತ್ರಿ. ಆ ಚುನಾವಣೆಯ ಗೆಲುವು ಎಷ್ಟು ದೊಡ್ಡದು ಅಂದರೆ ಅಷ್ಟು ಸೀಟು ಅರಸರಿಗೂ ಸಿಕ್ಕಿರಲಿಲ್ಲ. ಒಂದು ವರ್ಷ ತುಂಬೋ ಮೊದಲು, ಅವರು ಹುಷಾರಿಲ್ಲದೆ ಮಲಗಿದ್ದಾಗ, ರಾಜೀವ್ ಗಾಂಧಿ ಬೆಂಗಳೂರು ಏರ್‌ಪೋರ್ಟಿನಲ್ಲಿ ನಿಂತು ನಾಯಕತ್ವ ಬದಲಾವಣೆ ಘೋಷಿಸಿಬಿಟ್ಟರು. ತಾಯಿ ಎದುರು ಓಟಿನಲ್ಲಿ ಸೋತಿದ್ದು ಗೌರವದ ಸೋಲು. ಮಗನ ಎದುರು ಓಟೇ ಇರಲಿಲ್ಲ.

ಮಗಳು: ಇವತ್ತು ಅದು ಕೂಡ ಬೇಡ. ರಾಜ್ಯಸಭೆ ಇದೆಯಲ್ಲ. ಈ ಟವರುಗಳು ಎದ್ದ ಕಾಲದಲ್ಲಿ ನಗರಾಭಿವೃದ್ಧಿ ಸಚಿವರಾಗಿದ್ದೋರು ವೆಂಕಯ್ಯ ನಾಯ್ಡು. 98, 2004, 2010, ಮೂರು ಸಲ ಕರ್ನಾಟಕದಿಂದ ರಾಜ್ಯಸಭೆಗೆ ಬಂದೋರು. 2016ರಿಂದ ನಿರ್ಮಲಾ ಸೀತಾರಾಮನ್, ಅದೇ ವರ್ಷ ಜೈರಾಮ್ ರಮೇಶ್. ಹೇಮಾಮಾಲಿನಿ ಬಂದು ಹೋದರು. 2024ರ ಫೆಬ್ರವರಿಯಲ್ಲಿ ಅಜಯ್ ಮಾಕನ್. ನ್ಯೂ ಡೆಲ್ಲಿಯಿಂದ 2004ರಲ್ಲಿ, 2009ರಲ್ಲಿ ಗೆದ್ದು, ಆಮೇಲೆ 14ರಲ್ಲಿ ಸೋತೋರು, ಈಗ ನಮ್ಮ ಸದಸ್ಯರು. ಸ್ಟೀಫನ್ ದಾರಿಯೇ, ಆದರೆ ಗುಲ್ಬರ್ಗದ ಬಿಸಿಲಿಗೆ ಹೋಗಬೇಕಾಗಿಲ್ಲ.

ಚಿಕ್ಕಪ್ಪ: ನನ್ನ ಸಿಟ್ಟು ಇರೋದು ಇದರ ಮೇಲೆ, ಚಿಕ್ಕಮಗಳೂರಿನ ಮೇಲಲ್ಲ. ಲೋಕಸಭೆಗೆ ದೇಶದ ಯಾವ ಕ್ಷೇತ್ರದ ಮತದಾರನಾದರೂ ಎಲ್ಲಿ ಬೇಕಾದರೂ ನಿಲ್ಲಬಹುದು. ಮೊದಲಿಂದಲೂ ಹಾಗೇ. ಯಾಕೆಂದರೆ ಅಲ್ಲಿಗೆ ಹೋಗಿ ಜನರ ಮುಂದೆ ನಿಲ್ಲಲೇಬೇಕು, ಬೇಡದಿದ್ದರೆ ಅವರೇ ಅಟ್ತಾರೆ. ರಾಜ್ಯಸಭೆಗೆ ಮಾತ್ರ ಆ ರಾಜ್ಯದ ಮತದಾರ ಆಗಿರಬೇಕು ಅಂತ ಕಾನೂನಿತ್ತು. ರಾಜ್ಯಗಳ ಸಭೆ, ಓಟು ಹಾಕೋರು ಶಾಸಕರು, ಜನ ಅಟ್ಟೋಕೆ ಆಗಲ್ಲ, ಅದಕ್ಕೇ ಆ ಕಟ್ಟು. 2003ರಲ್ಲಿ ಅದನ್ನ ತೆಗೆದರು. ಕುಲದೀಪ್ ನಯ್ಯರ್ ಕೋರ್ಟಿಗೆ ಹೋದರು, 2006ರಲ್ಲಿ ಸೋತರು.

ಮಗಳು: ತೆಗೆಯೋ ಮೊದಲು ಮಾತ್ರ ಏನು ಘನಂದಾರಿ ಇತ್ತು? ಮನಮೋಹನ್ ಸಿಂಗ್ ಗುವಾಹಟಿಯಲ್ಲಿ ಹಿತೇಶ್ವರ ಸೈಕಿಯಾ ಮನೆಯ ಬಾಡಿಗೆದಾರರು ಅಂತ ಅಸ್ಸಾಮಿನ ಮತದಾರರಾಗಿದ್ರು. ಎಲ್ಲರಿಗೂ ಗೊತ್ತಿದ್ದ ನಾಟಕ. ಕಾನೂನು ತೆಗೆದು ಸುಳ್ಳು ಹೇಳೋ ಕೆಲಸ ಉಳಿಸಿದರು ಅಂದುಕೊಳ್ಳಿ.

ಚಿಕ್ಕಪ್ಪ: ಸುಳ್ಳಾದರೂ ಹೇಳಬೇಕಾಗಿತ್ತಲ್ಲ, ಆ ನಾಚಿಕೆಯಾದರೂ ಇತ್ತು. ಬಾಡಿಗೆ ಚೀಟಿಯಲ್ಲಿ ಒಂದು ಊರಿನ ಹೆಸರು ಬರೀಬೇಕಿತ್ತು. ಈಗ ಅದೂ ಬೇಡ. ಅದರ ಜೊತೆಗೇ ಬಂತು ಬಹಿರಂಗ ಮತ. ಶಾಸಕ ಓಟಿನ ಚೀಟಿಯನ್ನ ಪಕ್ಷದ ಏಜೆಂಟಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ದುಡ್ಡಿನ ಆಟ ನಿಲ್ಲಿಸೋಕೆ ಅಂದರು. ಅದರ ಮೇಲೂ ಅಡ್ಡಮತ ನಿಂತಿಲ್ಲ. ಈ ಮಾಕನ್ ಗೆದ್ದ ದಿನವೇ ಬಿಜೆಪಿಯ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ಸಿಗೆ ಹಾಕಿದರು.

ಮಗಳು: ಹಾಗಾದ್ರೆ ಬಳ್ಳಾರಿ? 1999. ಅದು ಓಟಿನ ಚುನಾವಣೆಯೇ. ಒಂದು ಕಡೆ ಸೋನಿಯಾ ಗಾಂಧಿ, ಇನ್ನೊಂದು ಕಡೆ ಸುಷ್ಮಾ ಸ್ವರಾಜ್. ದಕ್ಷಿಣ ದೆಹಲಿಯಿಂದ ಎರಡು ಸಲ ಗೆದ್ದು, ಹಿಂದಿನ ವರ್ಷವಷ್ಟೇ ದೆಹಲಿಯ ಮುಖ್ಯಮಂತ್ರಿ ಆಗಿದ್ದೋರು. ಬಳ್ಳಾರಿಯ ಗಣಿ ಧೂಳಿನಲ್ಲಿ ದೆಹಲಿಯ ಇಬ್ಬರ ಜಗಳ.

ಚಿಕ್ಕಪ್ಪ: ಸುಷ್ಮಾ ಕೆಲವೇ ದಿನದಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, ಅದಕ್ಕೆ ನಾನು ತಲೆಬಾಗ್ತೀನಿ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗನಿಗೆ ಲೋದಿ ಎಸ್ಟೇಟಿನ ಕನ್ನಡ ಶಾಲೆಗೆ ಹಾಕಿದರೂ ಅಷ್ಟು ಬರಲ್ಲ. ಸುಮಾರು ಐವತ್ತಾರು ಸಾವಿರದಲ್ಲಿ ಸೋತರು. ಸೋನಿಯಾ ಗೆದ್ದು, ಅಮೇಥಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಆಮೇಲೆ ಉಪಚುನಾವಣೆ. ಮತ್ತೆ ನಿನ್ನ ಮಾತೇ ಗೆಲ್ತದೆ, ಒಪ್ಪಿದೆ.

ಮಗಳು: ಪ್ರತಿ ಸಲವೂ ಒಪ್ಪಿ, ಆದರೂ ಚಿಕ್ಕಮಗಳೂರು ಬೇರೆ ಅಂತೀರಿ.

ಚಿಕ್ಕಪ್ಪ: ಬೇರೆಯೇ. ಬಳ್ಳಾರಿಗೆ ಬಂದಾಗ ಸೋನಿಯಾಗೆ ಅಮೇಥಿ ಇತ್ತು. ಸ್ಟೀಫನ್ ಗುಲ್ಬರ್ಗಕ್ಕೆ ಬಂದಾಗ ದೆಹಲಿಯಲ್ಲಿ ಅವರದೇ ಸರ್ಕಾರ. 78ರಲ್ಲಿ ಆಕೆ ಹತ್ತಿರ ಬೇರೆ ಏನೂ ಇರಲಿಲ್ಲ. ಸೋತಿದ್ದರೆ ಅಲ್ಲಿಗೆ ಮುಗೀತು, ಇದು ಲೈನಿನ ಹೆಂಗಸಿಗೂ ಗೊತ್ತಿತ್ತು. ಪ್ರಧಾನಿ ಆಗಿದ್ದವಳ ಹಣೆಬರಹ ತನ್ನ ಕೈಯ ಚೀಟಿಯಲ್ಲಿದೆ ಅನ್ನೋದು ಅವಳಿಗೆ ಗೊತ್ತಿದ್ದು ಹಾಕಿದ್ದು. ಅಂಥಾ ಓಟು ನನಗೆ ಈ ಐವತ್ತು ವರ್ಷದಲ್ಲಿ ಒಂದೂ ಸಿಕ್ಕಿಲ್ಲ. ಸರ್ಕಾರಿ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಬದಲಾಗ್ತಾ ಎಷ್ಟೋ ಸಲ ಪಟ್ಟಿಯಲ್ಲಿ ಹೆಸರೇ ಇರ್ತಿರಲಿಲ್ಲ. ಅದಿರಲಿ, ನಿನ್ನ ಹೆಸರು ಎಲ್ಲಿದೆ?

ಮಗಳು: ಮೂಡಿಗೆರೆಯಲ್ಲೇ ಇದೆ. ತೆಗೆಸಿಲ್ಲ.

ಚಿಕ್ಕಪ್ಪ: ಹೋದ ಸಲ ಹೋಗಿ ಹಾಕಿದೆಯಾ?

ಮಗಳು: ಎಲ್ಲಿ ಚಿಕ್ಕಪ್ಪ, ಎಲೆಕ್ಷನ್ ಡ್ಯೂಟಿ ಬಿತ್ತು. ಇಲ್ಲಿಯ ಬೂತಿನಲ್ಲಿ ಬೇರೆಯವರ ಬೆರಳಿಗೆ ಶಾಯಿ ಹಚ್ಚಿಸಿದೆ.

ಚಿಕ್ಕಪ್ಪ: ಹಾಗಾದ್ರೆ ವಾಸ ಇಲ್ಲಿ, ಹೆಸರು ಅಲ್ಲಿ. ಮಾಕನ್ ಅವರದು ಅದರ ತಿರುವುಮುರುವು. ಇಬ್ಬರೂ ಕೂತು ಮಾತಾಡಿಕೊಳ್ಳಿ.

ಮಗಳು: ನಗಬೇಡಿ. ಇಲ್ಲಿಗೆ ವರ್ಗಾಯಿಸಿದರೆ ಊರಿನ ಓಟು ಹೋಯ್ತು. ಮೂರು ವರ್ಷಕ್ಕೆ ನನ್ನನ್ನ ಇನ್ನೆಲ್ಲಿಗೋ ಹಾಕ್ತಾರೆ. ಅಲ್ಲಾದರೆ ಅಪ್ಪನ ಮನೆ ನಂಬರಿನಲ್ಲಿ ಒಂದು ಹೆಸರು ಇರುತ್ತೆ.

ಚಿಕ್ಕಪ್ಪ: ಕಾನೂನು ಪ್ರಕಾರ ವಾಸ ಇರೋ ಕಡೆ ಹೆಸರಿರಬೇಕು. ನೀನು ಆಫೀಸರು, ನಾನು ಹೇಳಬೇಕಾ? ಬೂತ್ ಮಟ್ಟದ ಅಧಿಕಾರಿ ಬಂದಾಗ ಫಾರಂ ಎಂಟು ತುಂಬಿಸಿ ಕೊಡು. ನೀರು ಬರದಿದ್ದರೆ, ಲಿಫ್ಟು ಕೆಟ್ಟರೆ ಯಾರನ್ನ ಹಿಡೀತೀಯ, ಮೂಡಿಗೆರೆ ಶಾಸಕರನ್ನಾ?

ಮಗಳು: ಲಿಫ್ಟಿಗೆ ಮೇಂಟೆನೆನ್ಸಿನವರಿದ್ದಾರೆ. ಕಾಡಾನೆ ಬಂದು ಅಪ್ಪನ ತೋಟ ತುಳಿದರೆ ಯಾರನ್ನ ಹಿಡೀಲಿ? ಹೋದ ತಿಂಗಳು ಬೇಲಿ ಮುರಿದು ಎರಡು ರಾತ್ರಿ ಒಳಗೇ ಇದ್ವು. ಅರಣ್ಯ ಇಲಾಖೆಗೆ ಫೋನ್ ಮಾಡಿದ್ದು ನಾನು, ಈ ಟವರಿನ ಬಾಲ್ಕನಿಯಿಂದ.

ಚಿಕ್ಕಪ್ಪ: ಯಾರಾದ್ರೂ ಬಂದ್ರಾ?

ಮಗಳು: ಮೂರನೇ ದಿನ ಬಂದ್ರು. ಯಾವ ಊರಿನಿಂದ ಮಾತಾಡ್ತಿದ್ದೀರಿ ಅಂತ ಕೇಳಿದರು ಮೊದಲು. ದೆಹಲಿ ಅಂದ ಮೇಲೆ ಸ್ವಲ್ಪ ಬೇಗ ಕದಲಿದ ಹಾಗಿತ್ತು.